ನೀರು ಕುಡಿಯುವ ಗಾಡಿ

ಲೈಟು ಹೋದದ್ದು ಒಳ್ಳೆಯದೇ ಆಯಿತು. ಇಂಥ ಮಾತನ್ನು ಬೆಳಕಿನಲ್ಲಿ ಹೇಳಿದರೆ ನೀವು ನಗುತ್ತೀರಿ. ಇನ್ನಷ್ಟು ಹತ್ತಿರ ಸರಿದು ಕೂಡ್ರಿ. ಆ ತಂಬಿಗೆಯ ನೀರು ಈಗ ಮುಟ್ಟಬೇಡಿ... ಮಾತು ಮುಗಿದ ಮೇಲೆ ಕುಡಿಯುವಿರಂತೆ.

ಇದು ನಮ್ಮ ಪಕ್ಕದ ಮನೆಯ ಚಂದ್ರಾಮನಿಗೆ ಆದದ್ದು. ಶಹಾಬಾದಿನಿಂದ ವಾಡಿಗೆ ಹೋಗುವ ರಸ್ತೆಯಲ್ಲಿ ಅವನ ಗ್ಯಾರೇಜು ಇತ್ತು. ಸುಳ್ಳು ಹೇಳುವ ಮನುಷ್ಯನಲ್ಲ. ಸುಳ್ಳಿಗೆ ನಾಲ್ಕು ಮಾತು ಹೆಚ್ಚು ಬೇಕಾಗುತ್ತದೆ, ಅವನ ಬಾಯಲ್ಲಿ ಅಷ್ಟು ಮಾತೇ ಇರಲಿಲ್ಲ.

ಎಪ್ಪತ್ತಾರನೆಯ ಇಸವಿ, ಮೇ ತಿಂಗಳು. ರಾತ್ರಿ ಹತ್ತು ದಾಟಿತ್ತು. ಚಂದ್ರಾಮ ಗ್ಯಾರೇಜಿಗೆ ಕೀಲಿ ಹಾಕಿ ಮನೆಯ ಕಡೆ ನಡೆದ. ನೂರು ಹೆಜ್ಜೆಯ ಮೇಲೆ ಹಳೆಯ ಫರಸಿ ಕಲ್ಲಿನ ಗಣಿ, ಅದರ ದಂಡೆಗೆ ಒಂದು ಬಾವಿ. ಬೇಸಿಗೆಯಲ್ಲಿ ಅದರಲ್ಲಿ ಮೊಣಕಾಲುದ್ದ ನೀರು, ಅದೂ ಸುಣ್ಣದ ನೀರು. ದನಗಳು ಕೂಡ ಮೂಸಿ ನೋಡಿ ಹಿಂದಕ್ಕೆ ತಿರುಗುತ್ತಿದ್ದವು.

ಬಾವಿಯ ಹತ್ತಿರ ಬಂದಾಗ ಸಪ್ಪಳ ಕೇಳಿತು.

ಗುಟುಕ್... ಗುಟುಕ್... ಗುಟುಕ್.

ಆಮೇಲೆ ಒಂದು ಉಸಿರು. ಭಾಳ ಹೊತ್ತು ನೀರು ಕಾಣದವನು ಎತ್ತಿ ಕುಡಿದು, ತಂಬಿಗೆ ಇಳಿಸಿ ಬಿಡುತ್ತಾನಲ್ಲ, ಅಂಥ ಉಸಿರು. ಚಂದ್ರಾಮ ಬಾವಿಗೆ ಇಣುಕಿದ. ಯಾರೂ ಇಲ್ಲ. ನೀರು ಅಲುಗುತ್ತಲೂ ಇರಲಿಲ್ಲ. ಸಪ್ಪಳ ಮತ್ತೆ ಬಂತು... ಹಿಂದಿನಿಂದ. ತಾನು ಈಗಷ್ಟೇ ಕೀಲಿ ಹಾಕಿ ಬಂದ ಗ್ಯಾರೇಜಿನಿಂದ.

ಕಳ್ಳರೇ ಇರಬೇಕೆಂದು ಅವನು ತಿರುಗಿ ಹೋದ. ತಗಡಿನ ಬಾಗಿಲಿಗೆ ಕಿವಿಯಿಟ್ಟ. ಒಳಗೆ... ಗುಟುಕ್, ಗುಟುಕ್. ಕೀಲಿಗೆ ಕೈ ಹಾಕಿದ. ಕಟಕ್ ಎಂದಿತು ಕೀಲಿ, ಒಳಗಿನ ಸಪ್ಪಳ ಅಲ್ಲಿಗೇ ನಿಂತಿತು. ಬ್ಯಾಟರಿ ಹಾಕಿ ನೋಡಿದರೆ ಮನುಷ್ಯರ ಸುಳಿವಿಲ್ಲ. ರಿಪೇರಿಗೆ ಬಂದಿದ್ದ ಅಂಬಾಸಿಡರ್ ಒಂದೇ ನಿಂತಿತ್ತು, ಸಂಜೆ ಅವನೇ ಎತ್ತಿ ಕೋಲು ಕೊಟ್ಟಿದ್ದ ಬಾನೆಟ್ಟು ಹಾಗೇ ಇತ್ತು. ರೇಡಿಯೇಟರಿನ ಮುಚ್ಚಳ ಮುಟ್ಟಿದ. ಬಿಗಿಯಾಗಿತ್ತು. ಇಂಜಿನ್ನು ತಣ್ಣಗಾಗಿತ್ತು. ಮುಚ್ಚಳ ತಿರುವಿ ಬೆಳಕು ಬಿಟ್ಟ.

ಹೊತ್ತು ಮುಳುಗುವಾಗ ತಾನೇ ಬಾಯಿತನಕ ತುಂಬಿದ್ದ ನೀರು. ಈಗ ನಾಲ್ಕು ಬೆರಳು ಕೆಳಗೆ ಇಳಿದಿತ್ತು. ಗಾಡಿಯ ಕೆಳಗೆ ಮಲಗಿ ಕೈಯಾಡಿಸಿದ. ಫರಸಿ ಕಲ್ಲು ಒಣಗಿ ಬಣಬಣ ಎನ್ನುತ್ತಿತ್ತು.

"ಯಾರಪಾ?" ಎಂದ ಮೆಲ್ಲಗೆ.

ಈಗ ಆ ಗಾಡಿ ಯಾರದು ಎಂದು ಹೇಳಬೇಕು. ಅದು ಸಾಯಿಬಣ್ಣನದು. ಚಂದ್ರಾಮನ ಅಣ್ಣ ಧರ್ಮಣ್ಣ ಮತ್ತು ಈ ಸಾಯಿಬಣ್ಣ ಒಂದೇ ತಾಟಿನಲ್ಲಿ ಉಂಡ ಗೆಳೆಯರು, ಇಬ್ಬರೂ ಸೇರಿ ಆ ಗಾಡಿಯನ್ನು ಬಾಡಿಗೆಗೆ ಓಡಿಸುತ್ತಿದ್ದರು. ಸೇಡಂ, ಚಿತ್ತಾಪುರ, ಚಿಂಚೋಳಿ, ಎಲ್ಲಿ ಕರೆದರೆ ಅಲ್ಲಿ. ಧರ್ಮಣ್ಣನಿಗೆ ಆ ಗಾಡಿಯೆಂದರೆ ಜೀವ. ಒಮ್ಮೆ ಓಡುವ ಫ್ಯಾನ್ ಬೆಲ್ಟಿಗೆ ಕೈ ಹಾಕಿ ಎಡಗೈಯ ಕಿರುಬೆರಳನ್ನೇ ಕೊಟ್ಟಿದ್ದ. ಗಾಡಿ ನನ್ನದೊಂದು ಬೆರಳು ತಿಂದದ, ಇನ್ನು ಅದು ನನ್ನ ಬಿಟ್ಟು ಎಲ್ಲಿ ಹೋಗ್ತದ ಎಂದು ಮಂದಿಗೆ ಆ ಕೈ ತೋರಿಸಿ ನಗುತ್ತಿದ್ದ.

ಅದಕ್ಕೆ ನಾಲ್ಕು ವರ್ಷದ ಹಿಂದೆ, ಇಂಥದೇ ಮೇ ತಿಂಗಳಲ್ಲಿ, ಧರ್ಮಣ್ಣ ತೀರಿಕೊಂಡ. ಸಾಯಿಬಣ್ಣ ಅವನನ್ನು ಗಾಡಿಯ ಹಿಂದಿನ ಸೀಟಿನಲ್ಲಿ ಮಲಗಿಸಿ ಕತ್ತಲಾದ ಮೇಲೆ ಮನೆಗೆ ತಂದ. ಕೊಡ್ಲಿಯಿಂದ ಖಾಲಿ ಗಾಡಿ ಹೊಡೆದುಕೊಂಡು ಬರುತ್ತಿದ್ದರಂತೆ. ಗುಂಡಗುರ್ತಿ ಆಚೆಯ ಆಲದ ಮರದ ಹತ್ತಿರ ಧರ್ಮಣ್ಣನಿಗೆ ಬಿಸಿಲು ಬಡಿಯಿತಂತೆ. ಸಾಯಿಬಣ್ಣ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಂಪರಿಗೆ ನೇತು ಹಾಕಿದ್ದ ಚೀಲದ ನೀರನ್ನೆಲ್ಲ ಗುಟುಕು ಗುಟುಕಾಗಿ ಬಾಯಿಗೆ ಬಿಟ್ಟನಂತೆ. ಅವ್ವ ಎಂದನಂತೆ, ಕಣ್ಣು ಮುಚ್ಚಿದನಂತೆ. ಇಷ್ಟನ್ನು ಸಾಯಿಬಣ್ಣ ಗೋಡೆಗೆ ತಲೆ ಬಡಿದುಕೊಂಡು ಅತ್ತು ಹೇಳಿದ. ಓಣಿಗೆ ಓಣಿಯೇ ಅತ್ತಿತು, ನಾನೂ ಅತ್ತೆ.

ತಾಯಿ ಯಂಕಮ್ಮ ಮಾತ್ರ ಅಳಲಿಲ್ಲ. ಮಗನ ಬಾಯಿಗೆ ನೀರು ಬಿದ್ದಿತಲ್ಲ ಎಂಬ ಒಂದೇ ಮಾತನ್ನು ಹಿಡಿದುಕೊಂಡು ಆಕೆ ಉಳಿದಳು. ನಿಮಗೂ ಗೊತ್ತಲ್ಲ, ಕೊನೆಗೆ ಬಾಯಿಗೆ ನೀರು ಬಿಡುವವರು ಯಾರು ಎಂದು ನಮ್ಮಲ್ಲಿ ಮಂದಿ ಹುಟ್ಟಿದಾಗಿನಿಂದ ಹೆದರುತ್ತಾರೆ. ಅಂದಿನಿಂದ ಸಾಯಿಬಣ್ಣ ಆ ಮನೆಗೆ ದೇವರಾದ. ಪ್ರತಿ ವರ್ಷ ಧರ್ಮಣ್ಣ ತೀರಿದ ದಿನ ಯಂಕಮ್ಮ ಅವನನ್ನು ಕರೆಸಿ, ಅವನ ಬಲಗೈಗೆ ನೀರು ಹನಿಸಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡು, ಮೊದಲ ಗಿಲಾಸು ನೀರು ಅವನಿಗೇ ಕೊಡುತ್ತಿದ್ದಳು. ಎಡೆ ಹಿಡಿಯುವುದು ಆಮೇಲೆ. ಚಂದ್ರಾಮ ಅವನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟ. ಅಣ್ಣಾ ಎನ್ನತೊಡಗಿದ. ಸತ್ತ ಅಣ್ಣನಿಗೆ ಇದ್ದ ಶಬ್ದವನ್ನು ತೆಗೆದು ಇವನಿಗೆ ಕೊಟ್ಟ. ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆದರೆ ಒಂದು ಮಾತು. ಆ ನಾಲ್ಕು ವರ್ಷದಲ್ಲಿ ಸಾಯಿಬಣ್ಣ ತನ್ನ ಗಾಡಿಯನ್ನು ಚಂದ್ರಾಮನ ಗ್ಯಾರೇಜಿಗೆ ಒಮ್ಮೆಯೂ ತಂದಿರಲಿಲ್ಲ. ಗಾಡಿ ನೋಡಿದರೆ ನಿನಗೆ ಅಣ್ಣನ ನೆನಪಾಗ್ತದ ತಮ್ಮಾ, ಬ್ಯಾಡ ಎನ್ನುತ್ತಿದ್ದ. ಚಂದ್ರಾಮ ಅದಕ್ಕೂ ಕಣ್ಣಲ್ಲಿ ನೀರು ತಂದುಕೊಂಡಿದ್ದ. ಈ ಸಲ ಮಾತ್ರ ಗಾಡಿ ಅವನ ಮಾತು ಕೇಳಲಿಲ್ಲ. ವಾಡಿಯಿಂದ ಬರುವಾಗ ಕುದಿದು ಕುದಿದು, ಚಂದ್ರಾಮನ ಗ್ಯಾರೇಜಿನ ಎದುರಿಗೇ ಸುಯ್ ಎಂದು ಹೊಗೆ ಬಿಟ್ಟು ನಿಂತಿತು. ಇನ್ನು ಬೇರೆ ಕಡೆ ಒಯ್ಯುತ್ತೇನೆ ಎನ್ನಲು ಬಾಯಿ ಎಲ್ಲಿಂದ ಬರಬೇಕು?

"ನೀರು ಭಾಳ ಕುಡಿಲಿಕತ್ತದ ತಮ್ಮಾ," ಎಂದ ಸಾಯಿಬಣ್ಣ, ಮುಖ ಆ ಕಡೆ ಮಾಡಿ. "ಸುಮ್ಮ ಒಂದೀಟು ನೋಡಿ ಕೊಡು."

ಗ್ಯಾರೇಜಿನ ಭಾಷೆ ಅದು. ನೀರು ಕಡಿಮೆಯಾಗುವ ಗಾಡಿಗೆ ನೀರು ಕುಡಿಯುತ್ತದೆ ಎನ್ನುತ್ತಾರೆ. ಯಾರೂ ಆ ಮಾತನ್ನು ಇದ್ದಂತೆ ತಿಳಿಯುವುದಿಲ್ಲ.

ಆ ರಾತ್ರಿಯ ಸಪ್ಪಳದ ಮರುದಿನ ಚಂದ್ರಾಮ ತನಗೆ ಕೆಲಸ ಕಲಿಸಿದ ಬಂದೇಅಲಿ ಉಸ್ತಾದರನ್ನು ಕರೆತಂದ. ನಿಜಾಮರ ಕಾಲದಿಂದ ಇಂಜಿನ್ನು ಬಿಚ್ಚಿದ ಮುದುಕ. ಕಣ್ಣು ಮಂಜಾಗಿತ್ತು, ಆದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಹಚ್ಚಿ ಒಳಗಿನ ಬೇನೆಯನ್ನು ಹೇಳುತ್ತಿದ್ದರು. ಶಿಷ್ಯರಿಗೆ ಅವರು ಮೊದಲು ಕಲಿಸುತ್ತಿದ್ದದ್ದು ನಟ್ಟು ತಿರುವುವ ಪಾನಾ ಹಿಡಿಯುವುದನ್ನಲ್ಲ, ಒಂದು ಮಾತನ್ನು. ಗಾಡಿ ದಾರಿಯಲ್ಲಿ ಕುದಿದರೆ, ಇದ್ದ ನೀರು ಮೊದಲು ಮನುಷ್ಯನಿಗೆ, ಆಮೇಲೆ ಮಷೀನಿಗೆ. ನೀನು ಕುಡಿ, ಜೊತೆಗಿದ್ದವನಿಗೆ ಕೊಡು, ನೆರಳಿಗೆ ಕೂತು ಒಂದು ಬೀಡಿ ಸೇದು. ಅಷ್ಟರಲ್ಲಿ ಇಂಜಿನ್ನು ತಾನೇ ತಣಿಯುತ್ತದೆ. ಕುದಿಯುವ ಇಂಜಿನ್ನಿಗೆ ತಣ್ಣೀರು ಸುರಿದರೆ ಕಬ್ಬಿಣ ಸೀಳುತ್ತದೆ. ಧರ್ಮಣ್ಣನೂ ಸಾಯಿಬಣ್ಣನೂ ಉಸ್ತಾದರ ಎದುರು ಕೂತು ಈ ಪಾಠ ಒಪ್ಪಿಸಿದವರೇ.

ಉಸ್ತಾದರು ಎಲ್ಲವನ್ನೂ ನೋಡಿದರು. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರು, ಅದರ ಬಿಗಿ ಸರಿಯಿತ್ತು. ಫ್ಯಾನು ಹಿಡಿದು ಅಲುಗಿಸಿದರು, ನೀರಿನ ಪಂಪು ಗಟ್ಟಿಯಿತ್ತು. ರಬ್ಬರಿನ ಪೈಪುಗಳನ್ನು ಹಿಂಡಿದರು, ಎಲ್ಲೂ ಬಿರುಕಿಲ್ಲ. ಥರ್ಮೋಸ್ಟಾಟನ್ನು ಬಿಚ್ಚಿ ಎದುರಿನ ಹೋಟೆಲಿನ ಚಹಾದ ಪಾತ್ರೆಯ ಕುದಿನೀರಿಗೆ ಹಾಕಿಸಿದರು. ನೀರು ಕುದಿದಂತೆ ಅದು ಬಾಯಿ ತೆರೆಯಿತು, ತಣ್ಣೀರಿಗೆ ಹಾಕಿದಾಗ ಮುಚ್ಚಿತು. ರೇಡಿಯೇಟರನ್ನು ಸೋಡಾ ಹಾಕಿ ತೊಳೆಸಿದರು. ನಮ್ಮ ಕಲ್ಲಿನ ಸೀಮೆಯ ನೀರಲ್ಲವೇ, ಮಜ್ಜಿಗೆಯಂತೆ ಬೆಳ್ಳಗೆ ಸುಣ್ಣ ಇಳಿಯಿತು. ಕಾಗಿಣಾ ಹೊಳೆಯ ನೀರು ತರಿಸಿ ತುಂಬಿಸಿದರು. ಇಂಜಿನ್ನು ಹಚ್ಚಿ ರೇಡಿಯೇಟರಿನ ಬಾಯಲ್ಲಿ ಗುಳ್ಳೆ ಏಳುತ್ತದೆಯೇ ನೋಡಿದರು, ಎಣ್ಣೆಗೆ ನೀರು ಬೆರೆತಿದೆಯೇ ನೋಡಿದರು. ಏನೂ ಇಲ್ಲ.

ಸೋರುವ ಜಾಗ ಕಣ್ಣಿಗೆ ಸಿಗದಿದ್ದರೆ ಉಸ್ತಾದರ ಹತ್ತಿರ ಒಂದು ಉಪಾಯವಿತ್ತು. ಜರಡಿ ಹಿಡಿದ ಒಲೆಯ ಬೂದಿಯನ್ನು ಗಾಡಿಯ ಕೆಳಗೂ ಸುತ್ತಲೂ ತೆಳ್ಳಗೆ ಹರಡಿ ಬಿಡುವುದು. ರಾತ್ರಿ ಒಂದು ಹನಿ ಬಿದ್ದರೂ ಬೆಳಿಗ್ಗೆ ಗುರುತು ಕಾಣುತ್ತದೆ. ಆ ಸಂಜೆ ಇಬ್ಬರೂ ಸೇರಿ ಬೂದಿ ಹರಡಿದರು, ನೀರು ತುಂಬಿದರು, ಕೀಲಿ ಹಾಕಿದರು. ಕೀಲಿಕೈ ಉಸ್ತಾದರ ಹತ್ತಿರವೇ ಇತ್ತು.

ಬೆಳಿಗ್ಗೆ ಬಾಗಿಲು ತೆರೆದರು. ನೀರು ನಾಲ್ಕು ಬೆರಳು ಕಡಿಮೆ. ಬೂದಿಯ ಮೇಲೆ ಒಂದು ಹನಿಯೂ ಇಲ್ಲ.

ಆದರೆ ಬಂಪರಿನ ಮುಂದೆ... ಎರಡು ಮೊಣಕಾಲು ಊರಿದ ಗುರುತು. ಹೊಳೆಯ ದಂಡೆಯಲ್ಲಿ ಬಗ್ಗಿ ಬಾಯಿ ಹಚ್ಚಿ ಕುಡಿಯುವವರು ಊರುತ್ತಾರಲ್ಲ, ಹಾಗೆ. ಅದರ ಮುಂದೆ ಎರಡು ಅಂಗೈ. ಬಲಗೈಗೆ ಐದು ಬೆರಳು. ಎಡಗೈಗೆ ನಾಲ್ಕು.

ಉಸ್ತಾದರು ಬಗ್ಗಿ, ಮಂಜುಗಣ್ಣನ್ನು ಆ ಗುರುತಿನ ಹತ್ತಿರ ಒಯ್ದು ಭಾಳ ಹೊತ್ತು ನೋಡಿದರು. ಬೆಲ್ಟಿಗೆ ಸಿಕ್ಕ ಆ ಕೈಗೆ ಅಂದು ಬಟ್ಟೆ ಸುತ್ತಿದವರು ಅವರೇ. ಎದ್ದು ನಿಂತು, ಕಾಲಿನಿಂದ ಬೂದಿಯನ್ನು ಮೆಲ್ಲಗೆ ಸರಿಸಿ ಗುರುತು ಅಳಿಸಿದರು.

"ಹೆಡ್ ಬಿಚ್ಚು," ಎಂದರು. "ಒಳಗ ಏನೋ ಅದ."

ಮಧ್ಯಾಹ್ನದ ಹೊತ್ತಿಗೆ ಇಂಜಿನ್ನಿನ ಮೇಲಿನ ಭಾಗ ಕಳಚಿ ಕೆಳಗೆ ಬಂತು. ಮಸಿ ಒರೆಸಿದಾಗ ಹಳದಿಯ ಒಂದು ಗೆರೆ ಕಂಡಿತು. ಗೇಣುದ್ದದ ಬಿರುಕು, ಅದರ ಮೇಲೆ ಹಿತ್ತಾಳೆಯ ಬೆಸುಗೆ. ಉಸ್ತಾದರು ಉಗುರಿನಿಂದ ಕೆರೆದು ನೋಡಿದರು.

"ಬೆಸುಗಿ ಗಟ್ಟಿ ಅದ. ಇಲ್ಲಿಂದ ನೀರು ಹೋಗೂದಿಲ್ಲ," ಎಂದರು. ಬಿರುಕಿನ ಉದ್ದಕ್ಕೂ ಬೆರಳಾಡಿಸಿ ಹೇಳಿದರು, "ಇದು ತಣ್ಣೀರಿನ ಸೀಳು ಚಂದ್ರಾಮ. ಕುದಿಯೋ ಇಂಜಿನ್ನಿಗೆ ಯಾರೋ ಗಡಬಡಿಸಿ ಸುರುವ್ಯಾರ. ಒಂದು ಗಿಲಾಸು ಅಲ್ಲ. ಚೀಲಕ್ಕ ಚೀಲನೇ."

"ಯಾವಾಗಿಂದು ಇರಬೇಕ್ರಿ ಉಸ್ತಾದ್?"

"ಬೆಸುಗಿ ಮ್ಯಾಲ ಸುಣ್ಣ ಎಷ್ಟು ಕುಂತದ ನೋಡು. ನಮ್ಮ ನೀರು ವರ್ಷಕ್ಕೊಂದು ಪದರು ಕುಂದರಸ್ತದ." ಅವರು ಉಗುರು ಊರಿದರು. "ನಾಕು ಬ್ಯಾಸಿಗಿ."

ಆ ಗಾಡಿಗೆ ಚೀಲ ಒಂದೇ, ಮುಂದಿನ ಬಂಪರಿಗೆ ನೇತು ಹಾಕುವ ಕ್ಯಾನ್ವಾಸಿನ ನೀರಿನ ಚೀಲ. ಆ ಚೀಲದ ನೀರು ಅಣ್ಣನ ಬಾಯಿಗೆ ಹೋಯಿತೆಂದು ಚಂದ್ರಾಮ ನಾಲ್ಕು ವರ್ಷ ನಂಬಿದ್ದ. ಬೇರೆ ಯಾವುದೋ ದಿನ ಸೀಳಿರಬಹುದು, ಬೇರೆ ಯಾರೋ ಸುರಿದಿರಬಹುದು ಎಂದು ಮನಸ್ಸಿಗೆ ಹೇಳಿಕೊಂಡ. ಪಾಪ, ನಂಬಿದವನ ಮನಸ್ಸು ನೋಡಿ. ಮೋಸ ಮಾಡಿದವನ ಪರವಾಗಿ ವಾದಿಸುವ ಮೊದಲ ವಕೀಲ ಅದೇ ಆಗಿರುತ್ತದೆ. ಉಸ್ತಾದರಿಗೆ ಅದು ತಿಳಿಯಿತು. ಕೈ ಒರೆಸಿಕೊಳ್ಳುತ್ತ ಅವರು, ಇಂಜಿನ್ನು ಸುಳ್ಳು ಹೇಳುವುದಿಲ್ಲ, ಆದರೆ ಪೂರಾ ಮಾತನ್ನೂ ಹೇಳುವುದಿಲ್ಲ, ಉಳಿದದ್ದನ್ನು ಅವನನ್ನೇ ಕೇಳು ಎಂದು ಹೇಳಿ ಹೋದರು.

ಚಂದ್ರಾಮ ಗಾಡಿ ಕೂಡಿಸಿದ. ಎರಡು ದಿನದ ಮೇಲೆ ಸಾಯಿಬಣ್ಣನನ್ನು ಕರೆಸಿ, ಟ್ರಾಯಲ್ ನೋಡಬೇಕು, ನೀನೂ ಬಾ ಎಂದ. ಸೇಡಂ ಕಡೆ ಹೋಗೋಣ, ರಸ್ತೆ ಚೆನ್ನಾಗಿದೆ ಎಂದ ಸಾಯಿಬಣ್ಣ. ಚಂದ್ರಾಮ ಸ್ಟೇರಿಂಗು ಹಿಡಿದು ಗುಂಡಗುರ್ತಿಯ ದಾರಿಗೆ ತಿರುಗಿಸಿದ. ಮಟಮಟ ಮಧ್ಯಾಹ್ನ. ದೆವ್ವಗಳು ರಾತ್ರಿಗೇ ಬರುತ್ತವೆ ಎಂದು ನಿಮಗೆ ಯಾರು ಹೇಳಿದರು? ಮೇ ತಿಂಗಳ ನಡುಹಗಲಲ್ಲಿ ನಮ್ಮ ಕರಿನೆಲದಲ್ಲಿ ಒಂದು ನರಪಿಳ್ಳೆ ಕಾಣುವುದಿಲ್ಲ. ಅದಕ್ಕಿಂತ ಬೇರೆ ರಾತ್ರಿ ಯಾಕೆ ಬೇಕು ಅವಕ್ಕೆ?

ದಾರಿಯುದ್ದಕ್ಕೂ ಗಾಡಿ ತಣ್ಣಗೆ ಓಡಿತು. ಗುಂಡಗುರ್ತಿ ದಾಟಿತು. ದೂರದಲ್ಲಿ ಆಲದ ಮರ ಕಂಡಿತು... ಸಾಯಿಬಣ್ಣ ಬಾಗಿಲಿನ ಹಿಡಿಕೆ ಹಿಡಿದ. ಮರ ಹತ್ತಿರವಾದಂತೆ ಗರಂ ತೋರಿಸುವ ಮುಳ್ಳು ಏರತೊಡಗಿತು. ಮರದ ನೆರಳಿಗೆ ಬಂದದ್ದೇ ತಡ, ಸುಯ್ ಎಂದಿತು. ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆ ಎದ್ದಿತು. ಇಂಜಿನ್ನು ಟಕ್ ಟಕ್ ಟಕ್ ಎಂದು ಸಾವಕಾಶ ಬಡಿದು ನಿಂತಿತು.

ಇಬ್ಬರ ಗಂಟಲೂ ಒಣಗಿದ್ದವು. ಚಂದ್ರಾಮ ಇಳಿದು ಬಂಪರಿನಿಂದ ನೀರಿನ ಚೀಲ ಬಿಚ್ಚಿದ, ಸಾಯಿಬಣ್ಣನ ಕೈಗೆ ಕೊಟ್ಟ. ಮರದ ಬೇರಿನ ಮೇಲೆ ಹೋಗಿ ಕೂತ. ನೋಡುತ್ತಿದ್ದ ಅಷ್ಟೇ. ಉಸ್ತಾದರ ಮೊದಲ ಪಾಠ ಬಲ್ಲವನು ಆ ಚೀಲವನ್ನು ಏನು ಮಾಡಬೇಕು? ತಮ್ಮಾ, ನೀ ಕುಡಿತೀ ಏನು ಎಂದು ಒಂದು ಮಾತು ಕೇಳಲಿ ಎಂದು ಚಂದ್ರಾಮ ಮನಸ್ಸಿನಲ್ಲೇ ಬೇಡಿಕೊಂಡನಂತೆ. ಆ ಒಂದು ಮಾತು ಬಂದಿದ್ದರೆ ತಾನು ಎಲ್ಲ ಮರೆಯುತ್ತಿದ್ದೆ ಎಂದು ಆಮೇಲೆ ನನಗೆ ಹೇಳಿದ.

ಸಾಯಿಬಣ್ಣ ಅವನ ಕಡೆ ತಿರುಗಿ ಕೂಡ ನೋಡಲಿಲ್ಲ. ಟಾವೆಲ್ಲು ಕೈಗೆ ಸುತ್ತಿಕೊಂಡ, ಮುಚ್ಚಳ ತಿರುವಿದ. ಭುಸ್ ಎಂದು ಬಿಸಿ ಹಾರಿತು. ಚೀಲದ ಬಾಯಿಯನ್ನು ನೇರ ರೇಡಿಯೇಟರಿನ ಬಾಯಿಗಿಟ್ಟ, ಸುರಿಯತೊಡಗಿದ. ಕೈಗೆ ಅಭ್ಯಾಸವಿದ್ದ ಕೆಲಸ.

ಕಾದ ಕಬ್ಬಿಣಕ್ಕೆ ನೀರು ಬಿದ್ದರೆ ಹೇಗೆ ಸಪ್ಪಳವಾಗಬೇಕು? ಚುರ್ ಎನ್ನಬೇಕು. ಎನ್ನಲಿಲ್ಲ. ಸುರಿದಷ್ಟೂ...

ಗುಟುಕ್. ಗುಟುಕ್. ಗುಟುಕ್.

ಚೀಲ ಖಾಲಿಯಾಯಿತು. ರೇಡಿಯೇಟರು ತುಂಬಲಿಲ್ಲ. ಸಾಯಿಬಣ್ಣ ಬಾನೆಟ್ಟಿನ ಒಳಗೆ ತಲೆ ಬಗ್ಗಿಸಿದ. ಮರದ ಕೆಳಗಿನವನಿಗೆ ಕೇಳಿಸದು ಎಂದುಕೊಂಡಿರಬೇಕು. ಪಿಸುಗುಟ್ಟಿದ.

"ಇನ್ನೂ ಸಾಲಲಿಲ್ಲೇನೋ ಧರ್ಮಾ... ಇನ್ನೆಷ್ಟು ಕುಡಿತಿ... ಸಾಕು ಮಾಡೋ."

ಚಂದ್ರಾಮ ಎದ್ದು ಬಂದು ಅವನ ಬೆನ್ನ ಹಿಂದೆ ನಿಂತ. ಅವನೂ ಪಿಸುಮಾತಿನಲ್ಲೇ ಕೇಳಿದ. ಯಾಕೆ ಪಿಸುಮಾತು ಎಂದರೆ, ನಡುವೆ ಮಲಗಿದವರು ಯಾರೋ ಇದ್ದಂತೆ ಅನಿಸಿತಂತೆ.

"ಒಂದು ಗುಟುಕೂ ಕೊಡಲಿಲ್ಲೇನು?"

ಸಾಯಿಬಣ್ಣ ತಿರುಗಲಿಲ್ಲ.

"ಗಾಡಿಗೇ ಸಾಲದಾಗಿತ್ತು," ಎಂದ.

ಉಳಿದದ್ದು ಹರಕು ಹರಕಾಗಿ ಬಂತು. ಅಂದು ಅವರು ಕೊಡ್ಲಿಯಿಂದ ಬರುತ್ತಿರಲಿಲ್ಲ, ಕೊಡ್ಲಿಗೆ ಹೋಗುತ್ತಿದ್ದರು. ಅಲ್ಲಿ ಲಗ್ನದ ಮಂದಿ ಕಾದಿದ್ದರು, ಹೊತ್ತಿಗೆ ಹೋಗದಿದ್ದರೆ ಇನ್ನೊಂದು ಗಾಡಿಯವನು ಕರೆದೊಯ್ಯುತ್ತಿದ್ದ. ಈ ಮರದ ಹತ್ತಿರ ಗಾಡಿ ಕುದಿಯಿತು, ಧರ್ಮಣ್ಣನೂ ಬಿಸಿಲಿಗೆ ಬಿದ್ದ. ನೀರು ಎಂದ. ಇಂಜಿನ್ನು ತಣಿಯುವತನಕ ಕಾಯುವ ತಾಳ್ಮೆ ಸಾಯಿಬಣ್ಣನಿಗೆ ಇರಲಿಲ್ಲ. ಚೀಲವನ್ನು ಗಾಡಿಗೆ ಸುರಿದ, ಒಂದು ತಾಸಿನಲ್ಲಿ ನೀರು ತರುತ್ತೇನೆ, ನೆರಳಿಗೆ ಮಲಗಿರು ಎಂದು ಹೇಳಿ ಹೊರಟ. ಇಂಜಿನ್ನು ಸೀಳಿತ್ತು, ಸೋರುತ್ತ ಸೋರುತ್ತ ಕೊಡ್ಲಿ ಮುಟ್ಟಿತು. ತಿರುಗಿ ಬರುವಾಗ ಗಾಡಿಗೆ ಬೇಕೆಂದು ನಾಲ್ಕು ಕೊಡ ನೀರು ಇಟ್ಟುಕೊಂಡಿದ್ದ. ಅಷ್ಟೊತ್ತಿಗೆ ಸಂಜೆಯಾಗಿತ್ತು. ಧರ್ಮಣ್ಣ ನೆರಳಿನಲ್ಲಿ ಇರಲಿಲ್ಲ. ಗಾಡಿ ಹೋದ ದಾರಿಯಲ್ಲಿ ಇಪ್ಪತ್ತು ಮಾರು ಮೊಣಕಾಲ ಮೇಲೆ ತೆವಳಿ ಹೋಗಿ ಬಿದ್ದಿದ್ದ.

ಚಂದ್ರಾಮ ಅವನ ಮೇಲೆ ಕೈ ಮಾಡಲಿಲ್ಲ. "ಸಾಯಿಬಣ್ಣ," ಎಂದ. ನಾಲ್ಕು ವರ್ಷದ ಮೇಲೆ ಮೊದಲ ಸಲ ಹೆಸರು ಹಿಡಿದ. ಅಷ್ಟೇ ಅಂದು, ಗಾಡಿಯನ್ನೂ ಅವನನ್ನೂ ಅಲ್ಲೇ ಬಿಟ್ಟು, ಆ ಬಿಸಿಲಲ್ಲಿ ಶಹಾಬಾದಿಗೆ ನಡೆದು ಬಂದ. ಗಣಿಯ ಬಾವಿ ದಾಟುವಾಗ ಮತ್ತೆ ರಾತ್ರಿ ಹತ್ತು. ಅಂದು ಬಾವಿಯ ಹತ್ತಿರ ಏನೂ ಕೇಳಲಿಲ್ಲ.

ತಾಯಿಗೆ ಹೇಗೆ ಹೇಳಬೇಕು? ಆಕೆ ಬದುಕಿದ್ದು ಆ ಗುಟುಕು ನೀರಿನ ಮೇಲೆ. ಕೊಡದಿದ್ದ ನೀರದು, ಆದರೂ ಆಕೆಯ ಜೀವವನ್ನು ಹಿಡಿದಿತ್ತು. ಚಂದ್ರಾಮ ಮೂರು ದಿನ ಬಾಯಿ ತೆರೆದ, ಮೂರು ದಿನವೂ ಮುಚ್ಚಿದ. ನಾಲ್ಕನೆಯ ದಿನ ಧರ್ಮಣ್ಣ ತೀರಿದ ದಿನ ಬಂತು. ಯಂಕಮ್ಮ ಎಂದಿನಂತೆ ಸಾಯಿಬಣ್ಣನಿಗೆ ಹೇಳಿ ಕಳಿಸಿದಳು. ಅವನು ಬಂದ. ಬರದಿದ್ದರೆ ಯಾಕೆ ಬರಲಿಲ್ಲ ಎಂದು ಆಕೆ ಕೇಳುತ್ತಾಳಲ್ಲ. ಆ ದಿನ ನಾನೂ ಆ ಮನೆಯಲ್ಲಿದ್ದೆ, ಎಡೆಗೆ ನಮ್ಮನ್ನೂ ಕರೆದಿದ್ದರು. ಇದನ್ನು ಚಂದ್ರಾಮ ಹೇಳಿದ್ದಲ್ಲ, ನಾನೇ ಕಂಡದ್ದು.

ಯಂಕಮ್ಮ ಅವನ ಬಲಗೈಗೆ ನೀರು ಹನಿಸಿ ಕಣ್ಣಿಗೆ ಒತ್ತಿಕೊಂಡಳು. ಹಿತ್ತಾಳೆಯ ತಂಬಿಗೆಯಿಂದ ಗಿಲಾಸು ತುಂಬಿ ಕೊಟ್ಟಳು. ಚಂದ್ರಾಮ ಗೋಡೆ ನೋಡುತ್ತ ನಿಂತಿದ್ದ. ಸಾಯಿಬಣ್ಣ ಗಿಲಾಸನ್ನು ಬಾಯಿಯ ಹತ್ತಿರ ಒಯ್ದ.

ಗುಟುಕ್.

ತುಟಿಗೆ ಇನ್ನೂ ತಾಕಿರಲಿಲ್ಲ. ಗಿಲಾಸು ಖಾಲಿ.

ವಯಸ್ಸಾಯಿತು, ಸರಿಯಾಗಿ ತುಂಬಲಿಲ್ಲ ಎಂದುಕೊಂಡಳು ಮುದುಕಿ. ಮತ್ತೆ ತುಂಬಿದಳು. ಗುಟುಕ್, ಗುಟುಕ್. ಮತ್ತೆ ಖಾಲಿ. ನೆಲ ಒಣಗಿತ್ತು, ಅವನ ಅಂಗಿ ಒಣಗಿತ್ತು. ಮೂರನೆಯ ಸಲ ತುಂಬುವಾಗ ಆಕೆಯ ಕಣ್ಣು ಗಿಲಾಸಿನ ಮೇಲೆ ಇರಲಿಲ್ಲ, ಸಾಯಿಬಣ್ಣನ ಮುಖದ ಮೇಲೆ ಇತ್ತು. ಮೂರನೆಯ ಸಲವೂ ಖಾಲಿಯಾಯಿತು. ಆಮೇಲೆ ಆ ಉಸಿರು... ಭಾಳ ಹೊತ್ತಿನ ಮೇಲೆ ನೀರು ಕುಡಿದವನ ಉಸಿರು. ಅದು ಮನೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಮಗನ ಉಸಿರು ತಾಯಿಗೆ ಗೊತ್ತಾಗದೆ ಇರುತ್ತದೆಯೇ?

"ನೀ ಕೊಟ್ಟಿದ್ದಿಲ್ಲ, ಹೌದಿಲ್ಲೋ?" ಎಂದಳು ಯಂಕಮ್ಮ. ದನಿ ಏರಿಸಲಿಲ್ಲ.

ಸಾಯಿಬಣ್ಣ ಗಿಲಾಸನ್ನೇ ನೋಡುತ್ತಿದ್ದ.

"ನಾಕು ವರ್ಷ ಈ ಕೈಗೆ ಕಣ್ಣು ಒತ್ತಿಕೊಂಡೀನಿ," ಎಂದಳು. ತನ್ನ ಕಣ್ಣನ್ನು ಸೆರಗಿನಿಂದ ಗಸಗಸ ಒರೆಸಿಕೊಂಡಳು, ಹೊಲಸು ತಾಗಿದಂತೆ. "ಎದ್ದು ಹೋಗಪಾ. ನನ್ನ ಮಗ ನೀರು ಕುಡ್ಯಾಲತ್ಯಾನ, ಅಡ್ಡ ಕುಂದರಬ್ಯಾಡ."

ಅವನು ಎದ್ದು ಹೋದ. ಆ ಮೇಲೆ ಶಹಾಬಾದಿನಲ್ಲಿ ಅವನನ್ನು ಯಾರೂ ಕಾಣಲಿಲ್ಲ. ಗಾಡಿ ಆಲದ ಮರದ ಕೆಳಗೇ ನಿಂತಿತ್ತು. ಉಸ್ತಾದರು ಹೋಗಿ ನೀರು ತುಂಬಿ ಹೊಡೆದುಕೊಂಡು ಬಂದರು. ಚಂದ್ರಾಮನೇ ಅದನ್ನು ಇನ್ನೂ ಆರು ವರ್ಷ ಓಡಿಸಿದ. ಕೊಡ್ಲಿಗೆ, ಚಿಂಚೋಳಿಗೆ, ಎಂಥ ಬಿಸಿಲಿದ್ದರೂ. ಅದು ಒಂದು ಹನಿ ನೀರೂ ಕುಡಿಯಲಿಲ್ಲ.

ಯಂಕಮ್ಮ ಅಂದು ರಾತ್ರಿಯಿಂದ ಹಿತ್ತಾಳೆಯ ತಂಬಿಗೆಯನ್ನು ಬಾಯಿತನಕ ತುಂಬಿ, ಮೇಲೆ ತಾಟು ಮುಚ್ಚಿ, ತಾಟಿನ ಮೇಲೆ ಒಂದು ಫರಸಿ ತುಂಡು ಹೇರಿ, ಧರ್ಮಣ್ಣನ ಫೋಟೋದ ಕೆಳಗೆ ಇಡತೊಡಗಿದಳು. ಆಕೆ ಹೋದ ಮೇಲೆ ಚಂದ್ರಾಮ ಇಟ್ಟ. ಚಂದ್ರಾಮ ಹೋಗುವಾಗ ತಂಬಿಗೆಯನ್ನು ನನ್ನ ಕೈಗೆ ಕೊಟ್ಟ. ಇವತ್ತಿಗೂ ರಾತ್ರಿ ತುಂಬಿ ಇಡುತ್ತೇನೆ, ಬೆಳಿಗ್ಗೆ ಕಲ್ಲು ಸರಿಸಿ, ತಾಟು ತೆಗೆದು, ಬೆರಳು ಇಳಿಸಿ ಅಳೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಾನು ಕಂಡದ್ದನ್ನು ಹೇಳಿದೆ.

ಆ ತಂಬಿಗೆ ಅದೇ, ನಿಮ್ಮ ಮಗ್ಗುಲಲ್ಲಿರುವುದು. ನೀವು ಬರುವ ಮೊದಲು ತುಂಬಿ ಇಟ್ಟಿದ್ದೆ. ಕಲ್ಲು ಸರಿಸಿ, ತಾಟು ತೆಗೆದು ನೀವೇ ಬೆರಳು ಹಾಕಿ ನೋಡಿ... ನಾಲ್ಕು ಬೆರಳು ಕಡಿಮೆ ಇರುತ್ತದೆ.